ಓಡಿ ಬಂದರಷ್ಟೇ ಸಾಲದು: ಮನೆಗಳ ಮೇಲೆ ಬಿದ್ದ ಆಂಬುಲೆನ್ಸ್ ವಿಮಾನದಿಂದ ಒಂದು ಪಾಠ



ಬೀಜೋಪಚಾರ, ಕಾಂಪೋಸ್ಟು ಗುಂಡಿ, ರಾಗಿಯ ಸಾಲು ಬಿತ್ತನೆ ಮೊದಲಾದ ವಿಷಯಗಳನ್ನು ಕುರಿತು ಈ ಪುಟದಲ್ಲಿ ನಿಮ್ಮೊಡನೆ ಮಾತನಾಡುತ್ತಾ ಬಂದಿದ್ದೇನೆ. ಈ ಸಲದ ಪಾಠ ಹೊಲಕ್ಕೆ ಸೇರಿದ್ದಲ್ಲ. ಆದರೂ ಇದನ್ನು ಕೊನೆಯವರೆಗೆ ಓದಬೇಕೆಂದೂ, ಓದಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಬೇಕೆಂದೂ ಕೇಳಿಕೊಳ್ಳುತ್ತೇನೆ.

ಕೆಲವು ದಿನಗಳ ಹಿಂದೆ, ಮಣ್ಣಿನ ಮಾದರಿ ತೆಗೆಯುವ ರೀತಿಯನ್ನು ತೋರಿಸಲು ಒಂದು ಹಳ್ಳಿಗೆ ಹೋಗಿದ್ದೆನು. ಕೆಲಸ ಮುಗಿಸಿ ಅರಳಿಕಟ್ಟೆಯ ಮೇಲೆ ಕುಳಿತಿದ್ದಾಗ ಹುಡುಗನೊಬ್ಬ ತನ್ನ ಮೊಬೈಲಿನಲ್ಲಿ ಒಂದು ದೃಶ್ಯ ತೋರಿಸಿದನು. ಕತ್ತಲಲ್ಲಿ ಆಕಾಶದಿಂದ ಬೆಳಕೊಂದು ಓರೆಯಾಗಿ ಇಳಿಯುತ್ತದೆ. ಮರುಕ್ಷಣ ಮನೆಗಳ ಆಚೆ ದೊಡ್ಡ ಬೆಂಕಿ ಏಳುತ್ತದೆ. ಅದು ರೋಗಿಯನ್ನು ಒಯ್ಯುತ್ತಿದ್ದ ವಿಮಾನ. ಆ ರೋಗಿ ಒಂದು ಚಿಕ್ಕ ಹೆಣ್ಣು ಮಗು. ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿಕೊಂಡು ತಾಯಿಯೊಡನೆ ಊರಿಗೆ ಹೊರಟಿತ್ತು ಎಂದು ಹುಡುಗ ಹೇಳಿದನು.

ಪಕ್ಕದಲ್ಲಿದ್ದ ಯಜಮಾನರು ನಿಟ್ಟುಸಿರು ಬಿಟ್ಟು, "ಗುಣ ಆಗಿ ಮನೆಗೆ ಹೊಂಟಿದ್ ಮಗು ಸ್ವಾಮಿ! ಹೋಗ್ಲಿ, ಕೆಳಗಡೆ ತಮ್ ಪಾಡಿಗೆ ತಾವಿದ್ದೋರು ಏನ್ ಪಾಪ ಮಾಡಿದ್ರು? ಎಲ್ಲಾ ಹಣೇಬರ" ಎಂದರು.

ಆ ಹೊತ್ತಿನಲ್ಲಿ ನಾನು ಏನೂ ಹೇಳಲಿಲ್ಲ. ದುಃಖದಿಂದ ಆಡಿದ ಮಾತಿಗೆ ಎದುರುತ್ತರ ಕೊಡಬಾರದು. ಆದರೆ ಸೈಕಲ್ ಮೋಟಾರು ಹತ್ತಿ ಮನೆಗೆ ಬರುವ ದಾರಿಯಲ್ಲೆಲ್ಲಾ ಆ ಮಾತೇ ತಲೆಯಲ್ಲಿ ಸುಳಿಯುತ್ತಿತ್ತು. ತೊಗರಿ ಗಿಡ ಇದ್ದಕ್ಕಿದ್ದಂತೆ ಬಾಡಿದರೆ ನಾವು ಹಣೆಬರಹವೆಂದು ಸುಮ್ಮನಿರುತ್ತೇವೆಯೇ? ಗಿಡವನ್ನು ಬುಡಸಹಿತ ಕಿತ್ತು, ಕಾಂಡವನ್ನು ಸೀಳಿ ನೋಡುತ್ತೇವೆ. ಒಳಗೆ ಕಪ್ಪು ಗೆರೆಗಳು ಕಂಡರೆ ಅದು ಸೊರಗು ರೋಗವೆಂದು ತಿಳಿದು ಮುಂದಿನ ವರ್ಷಕ್ಕೆ ಎಚ್ಚರ ವಹಿಸುತ್ತೇವೆ. ಸತ್ತ ಗಿಡ ಬದುಕುವುದಿಲ್ಲ ನಿಜ; ಆದರೆ ಮುಂದಿನ ಬೆಳೆ ಉಳಿಯುತ್ತದೆ. ಈ ವಿಮಾನದ ವಿಷಯವನ್ನೂ ಹಾಗೆಯೇ ಸೀಳಿ ನೋಡೋಣ.

ಫಿಲಡೆಲ್ಫಿಯಾದಲ್ಲಿ ನಡೆದುದು

ಹುಡುಗ ತೋರಿಸಿದ್ದು ಅಮೆರಿಕಾ ದೇಶದ ಫಿಲಡೆಲ್ಫಿಯಾ ನಗರದಲ್ಲಿ 2025ನೆಯ ಇಸವಿ ಜನವರಿ 31ರಂದು ನಡೆದ ದುರಂತ. ಸಂಜೆ ಆರು ಗಂಟೆ ದಾಟಿತ್ತು. ಅಲ್ಲಿ ಅದು ಚಳಿಗಾಲವಾದುದರಿಂದ ಆಗಲೇ ಕತ್ತಲಾಗಿತ್ತು; ಮೋಡ ಕೆಳಗೆ ಕವಿದಿತ್ತು. ಲಿಯರ್‌ಜೆಟ್ 55 ಎಂಬ ಚಿಕ್ಕ ಜೆಟ್ ವಿಮಾನವು ನಗರದ ಈಶಾನ್ಯ ಭಾಗದ ನಿಲ್ದಾಣದಿಂದ ಮೇಲೆದ್ದಿತು. ಅದರಲ್ಲಿ ಆರು ಜನರಿದ್ದರು: ಇಬ್ಬರು ಚಾಲಕರು, ಒಬ್ಬ ವೈದ್ಯರು, ಒಬ್ಬ ಪ್ಯಾರಾಮೆಡಿಕ್, ಮಗು ಮತ್ತು ಮಗುವಿನ ತಾಯಿ. ಆರೂ ಜನ ಮೆಕ್ಸಿಕೋ ದೇಶದವರು. ದಾರಿಯಲ್ಲಿ ಮಿಸ್ಸೌರಿ ಎಂಬ ರಾಜ್ಯದಲ್ಲಿ ಇಳಿದು, ಮುಂದೆ ತಮ್ಮ ದೇಶದ ಟಿಹುವಾನಾ ಪಟ್ಟಣಕ್ಕೆ ಹೋಗಬೇಕಾಗಿತ್ತು.

ವಿಮಾನ ಸುಮಾರು 1,650 ಅಡಿ ಎತ್ತರಕ್ಕೆ ಏರಿತು. ನೆಲ ಬಿಟ್ಟು ಒಂದು ನಿಮಿಷವಾಗುವಷ್ಟರಲ್ಲಿಯೇ ಅದು ತಲೆಕೆಳಗಾಗಿ ಬಂದು, ಅಂಗಡಿಗಳೂ ಮನೆಗಳೂ ಒತ್ತಾಗಿರುವ ಬಡಾವಣೆಯ ಬೀದಿಗೆ ಬಡಿಯಿತು. ಅಪಾಯವೆಂದು ಚಾಲಕರು ಕೂಗಿ ಹೇಳಿದ ಒಂದು ಮಾತೂ ನಿಲ್ದಾಣಕ್ಕೆ ತಲುಪಲಿಲ್ಲ. ಒಳಗಿದ್ದ ಆರು ಜನರೂ ತೀರಿಕೊಂಡರು. ಬೀದಿಯಲ್ಲಿ ಕಾರಿನಲ್ಲಿದ್ದ ಒಬ್ಬರು ಅದೇ ರಾತ್ರಿ ಸತ್ತರು. ಗಾಯಗೊಂಡ ಮತ್ತೊಬ್ಬರು ಸುಮಾರು ಮೂರು ತಿಂಗಳು ಆಸ್ಪತ್ರೆಯಲ್ಲಿ ನರಳಿ ಏಪ್ರಿಲ್‌ನಲ್ಲಿ ಸತ್ತರು. ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಗಾಯಗಳಾದವು. ಮನೆಗಳಿಗೂ ಕಾರುಗಳಿಗೂ ಬೆಂಕಿ ಹತ್ತಿತು.

ನಮ್ಮ ದೇಶದಲ್ಲಿಯೂ ನಡೆದಿದೆ

ಇದು ದೂರದೇಶದ ಸಂಗತಿಯೆಂದು ತಿಳಿಯಬೇಡಿ. 2011ನೆಯ ಇಸವಿ ಮೇ 25ರ ರಾತ್ರಿ ನಮ್ಮ ದೇಶದ ಹರಿಯಾಣ ರಾಜ್ಯದ ಫರೀದಾಬಾದ್ ಪಟ್ಟಣದಲ್ಲಿ ಇಂಥದೇ ದುರಂತವಾಯಿತು. ಬಿಹಾರದ ಪಾಟ್ನಾದಿಂದ ಒಬ್ಬ ಯುವಕ ರೋಗಿಯನ್ನು ದೆಹಲಿಯ ಆಸ್ಪತ್ರೆಗೆ ಒಯ್ಯುತ್ತಿದ್ದ ಪಿಲಾಟಸ್ ಪಿಸಿ-12 ಎಂಬ ಒಂದೇ ಎಂಜಿನ್ನಿನ ವಿಮಾನವು ದೆಹಲಿ ಇನ್ನೇನು ಬಂತೆನ್ನುವಾಗ ಪರ್ವತೀಯ ಕಾಲೋನಿ ಎಂಬ ಇಕ್ಕಟ್ಟಾದ ಬಡಾವಣೆಯ ಮನೆಗಳ ಮೇಲೆ ಬಿದ್ದಿತು. ವಿಮಾನದಲ್ಲಿದ್ದ ಏಳು ಜನರೂ, ಮನೆಯ ಬಳಿ ಇದ್ದ ಮೂವರೂ, ಒಟ್ಟು ಹತ್ತು ಜನ ಸತ್ತರು.

ರೋಗಿಯನ್ನು ಆಕಾಶದಲ್ಲಿ ಏಕೆ ಒಯ್ಯಬೇಕು?

"ಇಷ್ಟು ಅಪಾಯವಿರುವಾಗ ರೋಗಿಯನ್ನು ವಿಮಾನದಲ್ಲಿ ಏಕೆ ಒಯ್ಯುತ್ತಾರೆ?" ಎಂದು ನೀವು ಕೇಳಬಹುದು. ಪಾಟ್ನಾದಿಂದ ದೆಹಲಿಗೆ ರಸ್ತೆಯ ಮೇಲೆ ಸುಮಾರು ಸಾವಿರ ಕಿಲೋಮೀಟರು. ಒಂದು ಹಗಲೆಲ್ಲಾ ಕುಲುಕಾಡಿಕೊಂಡು ಹೋಗುವ ದಾರಿಯನ್ನು ವಿಮಾನ ಕೆಲವೇ ತಾಸುಗಳಲ್ಲಿ ಮುಗಿಸುತ್ತದೆ. ಅದರಲ್ಲಿ ಕುರ್ಚಿಗಳನ್ನು ತೆಗೆದು ರೋಗಿಗೆ ಮಲಗುವ ಹಾಸಿಗೆ ಕಟ್ಟಿರುತ್ತಾರೆ. ಆಮ್ಲಜನಕದ ಸಿಲಿಂಡರು, ಉಸಿರಾಟಕ್ಕೆ ನೆರವಾಗುವ ಯಂತ್ರ, ಔಷಧಗಳು, ವೈದ್ಯರು ಎಲ್ಲಾ ಜೊತೆಗಿರುತ್ತಾರೆ. ಅದು ಹಾರುವ ಆಸ್ಪತ್ರೆಯ ಕೋಣೆ. ಅನೇಕ ಜೀವಗಳನ್ನು ಅದು ಉಳಿಸುತ್ತದೆ. ಆದುದರಿಂದ ಒಂದು ವಿಮಾನ ಬಿದ್ದಿತೆಂದು ಅದನ್ನು ದೂರುವುದು ತಪ್ಪು. ಒಂದು ಗಾಡಿ ಮಗುಚಿದರೆ ಸಂತೆಗೆ ಹೋಗುವುದನ್ನು ನಾವು ಬಿಡುತ್ತೇವೆಯೇ? ಅಚ್ಚು ಮುರಿಯಿತೋ, ಎತ್ತು ಬೆದರಿತೋ, ದಾರಿ ಕೆಟ್ಟಿತ್ತೋ ಎಂದು ನೋಡುತ್ತೇವೆ.

ಕಾರಣ ಹುಡುಕುವ ಬಗೆ

ಫರೀದಾಬಾದಿನ ದುರಂತವನ್ನು ಸರ್ಕಾರ ನೇಮಿಸಿದ ಸಮಿತಿ ವಿಚಾರಿಸಿತು. ಆ ರಾತ್ರಿ ಆ ಪ್ರದೇಶದಲ್ಲಿ ಬಿರುಗಾಳಿಯ ಹವೆ ಇತ್ತು. ಸಮಿತಿ ಮೂರು ಕಾರಣಗಳನ್ನು ಮುಂದಿಟ್ಟಿತು. ಒಂದು, ಕೆಟ್ಟ ಹವೆ ವಿಮಾನವನ್ನು ಹಿಡಿತ ತಪ್ಪಿಸಿರಬಹುದು. ಎರಡು, ಚಾಲಕರು ವಿಮಾನವನ್ನು ನಡೆಸಿದ್ದರಲ್ಲಿ ತಪ್ಪಾಗಿರಬಹುದು. ಮೂರು, ಚಾಲಕರಿಗೆ ಮೇಲು ಕೆಳಗು ತಿಳಿಯದಂತಾಗಿರಬಹುದು. ಈ ಮೂರರಲ್ಲಿ ಒಂದೋ, ಅಥವಾ ಮೂರೂ ಸೇರಿಯೋ ವಿಮಾನ ಬಿದ್ದಿರುವ ಸಂಭವವಿದೆ ಎಂದು ಅದು ತೀರ್ಮಾನಿಸಿತು.

ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಿವಿಯ ಒಳಭಾಗದಲ್ಲಿ ದ್ರವ ತುಂಬಿದ ಸಣ್ಣ ನಾಳಗಳಿವೆ. ನಾವು ತಿರುಗಿದಾಗ ಆ ದ್ರವ ಅಲುಗಿ, ಎತ್ತ ತಿರುಗಿದೆವೆಂಬುದನ್ನು ಮಿದುಳಿಗೆ ತಿಳಿಸುತ್ತದೆ. ಆದರೆ ಅದು ಮೋಸ ಹೋಗುವುದೂ ಉಂಟು. ಮಕ್ಕಳು ಕಣ್ಣು ಮುಚ್ಚಿ ಗಿರಗಿರನೆ ತಿರುಗಿ ತಟ್ಟನೆ ನಿಂತರೆ ಭೂಮಿಯೇ ತಿರುಗುತ್ತಿರುವಂತೆ ತೋರಿ ಬೀಳುವುದಿಲ್ಲವೇ? ಹಗಲಿನಲ್ಲಾದರೆ ಕಣ್ಣು ನೆಲವನ್ನೂ ದಿಗಂತವನ್ನೂ ನೋಡಿ ಕಿವಿಯ ತಪ್ಪನ್ನು ತಿದ್ದುತ್ತದೆ. ಕಗ್ಗತ್ತಲಲ್ಲಿ, ಮೋಡದೊಳಗೆ, ಕಣ್ಣಿಗೆ ಏನೂ ಕಾಣುವುದಿಲ್ಲ. ವಿಮಾನ ಒಂದು ಪಕ್ಕಕ್ಕೆ ವಾಲಿದ್ದರೂ ಚಾಲಕನಿಗೆ ನೆಟ್ಟಗಿರುವಂತೆಯೇ ಭಾಸವಾಗಬಹುದು. ಆಗ ತನ್ನ ಮೈಯ ಮಾತನ್ನು ನಂಬದೆ, ಎದುರಿಗಿರುವ ಮಾಪಕಗಳನ್ನೇ ನಂಬಬೇಕೆಂದು ಚಾಲಕರಿಗೆ ಕಲಿಸುತ್ತಾರೆ. ಗಾಬರಿಯಲ್ಲಿ ಹಾಗೆ ನಂಬುವುದು ಬಲು ಕಷ್ಟದ ಕೆಲಸ.

ಗಾಬರಿಯಾದಾಗ ಮನಸ್ಸಿಗೆ ತೋರಿದ್ದನ್ನು ಮಾಡದೆ, ಮೊದಲೇ ಕಲಿತದ್ದನ್ನು ಮಾಡಬೇಕು. ಈ ಮಾತನ್ನು ನೆನಪಿಡಿ. ನಮ್ಮ ಊರಿನ ಆಪತ್ತಿಗೂ ಇದು ಸಲ್ಲುತ್ತದೆ.

ಮೂಕವಾಗಿದ್ದ ಪೆಟ್ಟಿಗೆ

ವಿಮಾನದಲ್ಲಿ ಚಾಲಕರ ಮಾತನ್ನೂ ಸುತ್ತಲ ಸದ್ದನ್ನೂ ಹಿಡಿದಿಡುವ ಒಂದು ಗಟ್ಟಿಮುಟ್ಟಾದ ಪೆಟ್ಟಿಗೆ ಇರುತ್ತದೆ. ಬಿದ್ದರೂ ಬೆಂದರೂ ಅದು ಉಳಿಯುವಂತೆ ಮಾಡಿರುತ್ತಾರೆ. ಫಿಲಡೆಲ್ಫಿಯಾದಲ್ಲಿ ಆ ಪೆಟ್ಟಿಗೆ ಎಂಟು ಅಡಿ ಆಳದ ಮಣ್ಣಿನೊಳಗೆ ಸಿಕ್ಕಿತು. ವಿಚಾರಣೆ ಮಾಡುವವರು ಅದನ್ನು ಜೋಪಾನವಾಗಿ ಶುಚಿ ಮಾಡಿ ತೆರೆದು ಕೇಳಿದರು. ಆ ದಿನದ ಒಂದು ಮಾತೂ ಅದರಲ್ಲಿರಲಿಲ್ಲ. ಹಲವು ವರ್ಷಗಳಿಂದಲೇ ಅದು ಏನನ್ನೂ ದಾಖಲು ಮಾಡಿರಲಿಕ್ಕಿಲ್ಲವೆಂದು ಅವರ ಮೊದಲ ವರದಿ ಹೇಳಿತು.

ಪೆಟ್ಟಿಗೆ ಕೆಲಸ ಮಾಡಿದ್ದರೆ ವಿಮಾನ ಉಳಿಯುತ್ತಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಬಿದ್ದದ್ದೇಕೆಂದು ತಿಳಿಯುವ ಒಂದು ದಾರಿ ಮುಚ್ಚಿಹೋಯಿತು. ಇದ್ದೂ ಇಲ್ಲದಂತಿರುವ ಇಂಥ ವಸ್ತುಗಳು ನಮ್ಮಲ್ಲಿಯೂ ಎಷ್ಟಿಲ್ಲ! ಶಾಲೆಯ ಗೋಡೆಗೆ ತೂಗುಹಾಕಿದ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಪಂಚಾಯತಿಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಬಟ್ಟೆಪಟ್ಟಿ ಇದೆಯೇ, ಜಿರಲೆ ಮೊಟ್ಟೆ ಇದೆಯೇ? ಇದೆಯೆಂದು ನಂಬಿದ ವಸ್ತು ಆಪತ್ತಿನಲ್ಲಿ ಕೈಕೊಟ್ಟರೆ, ಅದು ಇಲ್ಲದೆ ಇರುವುದಕ್ಕಿಂತಲೂ ಕೆಟ್ಟದು.

ಬೆಂಕಿಯ ಗುಣ

ವಿಮಾನಕ್ಕೆ ತುಂಬುವ ಇಂಧನ ಸೀಮೆಎಣ್ಣೆಯ ಜಾತಿಯದು. ಬಿದ್ದ ರಭಸಕ್ಕೆ ಅದು ಹನಿಹನಿಯಾಗಿ ಚಿಮ್ಮಿ, ಕಿಡಿ ತಾಗಿದೊಡನೆ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆಮ್ಲಜನಕ ತಾನಾಗಿ ಉರಿಯುವುದಿಲ್ಲ. ಆದರೆ ಉರಿಯುವುದನ್ನು ಇನ್ನಷ್ಟು ರಭಸವಾಗಿ ಉರಿಸುತ್ತದೆ. ಎಣ್ಣೆಯ ಬೆಂಕಿಗೆ ಕೊಡದಲ್ಲಿ ನೀರು ಎರಚಿದರೆ ಆರುವುದಿಲ್ಲ. ಎಣ್ಣೆ ನೀರಿಗಿಂತ ಹಗುರವಾದುದರಿಂದ ನೀರಿನ ಮೇಲೆ ತೇಲಿಕೊಂಡು ಉರಿಯುತ್ತಲೇ ಹರಡುತ್ತದೆ. ಅದಕ್ಕಾಗಿ ಅಗ್ನಿಶಾಮಕ ದಳದವರು ನೊರೆಯನ್ನು ಬಳಸುತ್ತಾರೆ. ಪಂಪ್‌ಸೆಟ್ಟಿನ ಡೀಸೆಲ್ಲಿಗೋ ಟ್ರಾಕ್ಟರಿಗೋ ಬೆಂಕಿ ಹತ್ತಿದರೆ ನಮಗೂ ಇದೇ ನಿಯಮ. ಬೆಂಕಿ ಚಿಕ್ಕದಿದ್ದರೆ ಮಣ್ಣು ಅಥವಾ ಮರಳು ಸುರಿಯಿರಿ. ದೊಡ್ಡದಾದರೆ ದೂರ ಸರಿದು ದಳವನ್ನು ಕರೆಯಿರಿ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಒಲೆ ಆರಿಸಿ ಮುಚ್ಚಳ ಮುಚ್ಚಬೇಕೆಂದು ಮನೆಯ ಹೆಣ್ಣುಮಕ್ಕಳಿಗೂ ತಿಳಿಸಿರಿ. ಹುಲ್ಲು, ಸೌದೆ, ಬಟ್ಟೆಗಳ ಬೆಂಕಿಗೆ ಮಾತ್ರ ನೀರು ಸರಿ.

ಮೊದಲು ತಲುಪುವವರು ಯಾರು?

ಎಲ್ಲಿ ಆಪತ್ತು ಬಂದರೂ ಮೊದಲು ತಲುಪುವವರು ಪೊಲೀಸರಲ್ಲ, ವೈದ್ಯರಲ್ಲ, ನೆರೆಯವರು. ನಮ್ಮ ರಾಜ್ಯದಲ್ಲಿಯೇ 2010ನೆಯ ಇಸವಿ ಮೇ 22ರ ಬೆಳಗ್ಗೆ, ದುಬೈಯಿಂದ ಬಂದ ಪ್ರಯಾಣಿಕರ ವಿಮಾನವೊಂದು ಮಂಗಳೂರಿನ ಬಜ್ಪೆ ನಿಲ್ದಾಣದ ಓಟದ ದಾರಿಯನ್ನು ದಾಟಿ ಕೆಂಜಾರಿನ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ 158 ಜನ ಸತ್ತು, ಎಂಟು ಜನ ಮಾತ್ರ ಉಳಿದರು. ಹೊಗೆ ಕಂಡು ಆ ಇಳಿಜಾರಿಗೆ ಮೊದಲು ಓಡಿದವರಲ್ಲಿ ಸುತ್ತಲ ಊರಿನ ಸಾಮಾನ್ಯ ಜನರೇ ಇದ್ದರು.

ಹೀಗೆ ಓಡಿಹೋಗುವುದು ನಮ್ಮ ಜನರ ದೊಡ್ಡ ಗುಣ. ಆದರೆ ಓಡಿ ಹೋದ ಮೇಲೆ ಏನು ಮಾಡುತ್ತೇವೆ? ಈ ಪ್ರಶ್ನೆಯನ್ನು ನಿಮಗೆ ಕೇಳುವ ಮುಂಚೆ ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ರಾಗಿ ಒಕ್ಕಣೆಯ ಕಾಲ. ನನ್ನ ವ್ಯಾಪ್ತಿಯ ಒಂದು ಹಳ್ಳಿಯಲ್ಲಿ ಕೊಟ್ಟಿಗೆಯ ಪಕ್ಕದ ಹುಲ್ಲಿನ ಮೆದೆಗೆ ಬೆಂಕಿ ಬಿದ್ದಿತು. ಕೊಟ್ಟಿಗೆಯಲ್ಲಿದ್ದ ಕರುವನ್ನು ಬಿಚ್ಚಲು ಹೋದ ತಾಯಿಯೊಬ್ಬರ ಬಲಗೈ ಮೊಣಕೈವರೆಗೆ ಸುಟ್ಟಿತು. ನಾನು ಆಗ ಪಕ್ಕದ ಊರಿನಲ್ಲಿದ್ದೆನು. ಹೊಗೆ ಕಂಡು ಬೈಕಿನಲ್ಲಿ ಧಾವಿಸಿದೆನು. ಊರಬಾಗಿಲಲ್ಲಿ ಬೈಕು ನಿಲ್ಲಿಸಿ, ಬೀಗ ಹಾಕಿ, ಕೀಲಿ ಜೇಬಿಗೆ ಹಾಕಿಕೊಂಡು ಒಳಗೆ ಓಡಿದೆನು. ನನ್ನ ಹಿಂದೆ ಬಂದವರೂ ಹಾಗೆಯೇ ಮಾಡಿದರು. 108ರ ವಾಹನ ಬಂದಾಗ ಬೀದಿಯಲ್ಲಿ ಬೈಕುಗಳ ಸಾಲು, ಮೊಟ್ಟಮೊದಲನೆಯದು ನನ್ನದು. ವಾಹನದವರು ಹಾರ್ನು ಹೊಡೆಯುತ್ತಿದ್ದರು. ಮೆದೆಯ ಸುತ್ತ ಕೂಗಾಡುತ್ತಿದ್ದ ಗುಂಪಿನಲ್ಲಿ ನಿಂತಿದ್ದ ನನಗೆ ಅದು ಕೇಳಿಸಲೇ ಇಲ್ಲ. ಕೊನೆಗೆ ಆ ತಾಯಿಯನ್ನು ನಡೆಸಿಕೊಂಡೇ ಊರಬಾಗಿಲಿಗೆ ಕರೆತರಬೇಕಾಯಿತು. ಅಷ್ಟರಲ್ಲಿ ಯಾರೋ ಸುಟ್ಟ ಕೈಗೆ ಟೂತ್‌ಪೇಸ್ಟು ಬಳಿದಿದ್ದರು. ಹಾಗೆ ಬಳಿಯಬಾರದೆಂದು ನಾನು ಬಲ್ಲೆನು; ಡಿಪ್ಲೊಮಾ ಓದುವಾಗ ಪ್ರಥಮ ಚಿಕಿತ್ಸೆಯ ಶಿಬಿರದಲ್ಲಿ ಕಲಿತಿದ್ದೆನು. ಆದರೂ ಆ ಗದ್ದಲದಲ್ಲಿ ಬಾಯಿ ಬಿಡಲಿಲ್ಲ.

ತಿಂಗಳುಗಳ ಮೇಲೆ ಆ ತಾಯಿ ಸಿಕ್ಕಿದರು. ಅವರ ಎರಡು ಬೆರಳು ಈಗ ಪೂರ್ತಿ ಮಡಿಸಲು ಬರುವುದಿಲ್ಲ. ಕುಡುಗೋಲನ್ನು ಎಡಗೈಯಲ್ಲಿ ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ನಾನು ನಡೆದುದನ್ನು ಹೇಳಿ ತಪ್ಪೊಪ್ಪಿಕೊಂಡಾಗ, "ನೀವೆಲ್ಲಾ ಓಡಿ ಬಂದ್ರಲ್ಲ ಸ್ವಾಮಿ, ಅಷ್ಟೇ ಸಾಕು" ಎಂದರು. ಅವರ ಮನಸ್ಸು ದೊಡ್ಡದು. ಆದರೆ ಅಷ್ಟೇ ಸಾಲದು. ಓಡಿ ಬಂದವನು ದಾರಿಗೆ ಅಡ್ಡವಾದರೆ, ಬಾರದೆ ಇದ್ದವನಿಗಿಂತ ಹೆಚ್ಚು ಕೆಡುಕು ಮಾಡಿದಂತಾಗುತ್ತದೆ.

ಆಪತ್ತಿನ ಸ್ಥಳದಲ್ಲಿ ಮಾಡಬೇಕಾದುದು

ಬಿದ್ದದ್ದು ವಿಮಾನವಾಗಲಿ, ಮಗುಚಿದ್ದು ಬಸ್ಸಾಗಲಿ, ಹೊತ್ತಿದ್ದು ಮೆದೆಯಾಗಲಿ, ಕೆಳಗಿನ ಕ್ರಮವನ್ನು ನೆನಪಿಡಬೇಕು.

1. ಓಡುವ ಮುಂಚೆ ಕರೆ ಮಾಡಿ. ಆಂಬುಲೆನ್ಸಿಗೆ 108, ಯಾವುದೇ ತುರ್ತಿಗೆ 112, ಅಗ್ನಿಶಾಮಕ ದಳಕ್ಕೆ 101. ಎಲ್ಲರೂ ಕರೆ ಮಾಡಿರುತ್ತಾರೆಂದು ಎಣಿಸಿ ಯಾರೂ ಮಾಡದೆ ಇರುವುದುಂಟು. ಊರು, ಹೋಬಳಿ, ತಾಲ್ಲೂಕು, ಹತ್ತಿರದ ಗುರುತು, ಗಾಯಗೊಂಡವರ ಸಂಖ್ಯೆ ಇಷ್ಟನ್ನು ಹೇಳಿ. ಅವರು ಸಾಕೆನ್ನುವವರೆಗೆ ಫೋನು ಇಡಬೇಡಿ.

2. ದಾರಿ ತೆರೆಯಿರಿ. ಒಬ್ಬರು ಮುಖ್ಯ ರಸ್ತೆಗೆ ಹೋಗಿ ನಿಂತು ವಾಹನಕ್ಕೆ ದಾರಿ ತೋರಿಸಬೇಕು. ರಾತ್ರಿಯಾದರೆ ಕೈಯಲ್ಲಿ ಬ್ಯಾಟರಿ ಇರಲಿ. ಬೈಕು, ಗಾಡಿ, ಟ್ರಾಕ್ಟರುಗಳನ್ನು ಬೀದಿಯಿಂದ ಹೊರಗೇ ನಿಲ್ಲಿಸಬೇಕು.

3. ನಿಮ್ಮ ಜೀವವನ್ನು ನೋಡಿಕೊಳ್ಳಿ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ ವಿದ್ಯುತ್ ಕಂಪನಿಗೆ 1912ರಲ್ಲಿ ತಿಳಿಸಿ ಲೈನು ನಿಲ್ಲಿಸಿರಿ. ಹೊಗೆ ತುಂಬಿದ ಮನೆಯಿಂದ ಹೊರಬರುವಾಗ ನೆಲಕ್ಕೆ ಬಗ್ಗಿ ತೆವಳಿರಿ. ಹೊಗೆ ಮೇಲಕ್ಕೇರುವುದರಿಂದ ಕೆಳಗಿನ ಗಾಳಿ ಸ್ವಲ್ಪ ಶುದ್ಧವಾಗಿರುತ್ತದೆ.

4. ಮೈಮೇಲಿನ ಬಟ್ಟೆಗೆ ಬೆಂಕಿ ಹತ್ತಿದವರನ್ನು ಓಡಲು ಬಿಡಬೇಡಿ. ನೆಲದ ಮೇಲೆ ಮಲಗಿಸಿ ಹೊರಳಿಸಿರಿ. ಕರಿಕಂಬಳಿಯನ್ನು ಹೊದಿಸಿ ಉರಿ ಆರಿಸಿರಿ. ನೈಲಾನ್ ಬಟ್ಟೆ ಬೇಡ. ಅದು ಕರಗಿ ಮೈಗೆ ಅಂಟುತ್ತದೆ.

5. ಸುಟ್ಟ ಜಾಗಕ್ಕೆ ಶುದ್ಧವಾದ ತಣ್ಣೀರನ್ನು ಇಪ್ಪತ್ತು ನಿಮಿಷ ನಿಧಾನವಾಗಿ ಹರಿಸಿರಿ. ಮಂಜುಗಡ್ಡೆ ಬೇಡ. ಶಾಯಿ, ಟೂತ್‌ಪೇಸ್ಟು, ಎಣ್ಣೆ, ಸಗಣಿ ಯಾವುದನ್ನೂ ಬಳಿಯಬೇಡಿ. ಅಂಟಿದ ಬಟ್ಟೆಯನ್ನು ಕೀಳಬೇಡಿ, ಬೊಬ್ಬೆಯನ್ನು ಒಡೆಯಬೇಡಿ. ಬಳೆ, ಉಂಗುರಗಳು ಅಂಟಿಲ್ಲದಿದ್ದರೆ ಬಾವು ಬರುವ ಮುಂಚೆಯೇ ತೆಗೆಯಿರಿ. ಆಮೇಲೆ ಒಗೆದ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕಳುಹಿಸಿರಿ.

6. ರಕ್ತ ಸುರಿಯುತ್ತಿದ್ದರೆ ಶುದ್ಧವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಿಡದೆ ಬಲವಾಗಿ ಒತ್ತಿ ಹಿಡಿಯಿರಿ.

7. ಎತ್ತರದಿಂದ ಬಿದ್ದವರನ್ನೂ, ಕುತ್ತಿಗೆ ಬೆನ್ನಿಗೆ ಪೆಟ್ಟಾದವರನ್ನೂ, ಬೆಂಕಿಯ ಭಯವಿಲ್ಲದಿದ್ದರೆ, ಎಳೆದಾಡಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

8. ಬಿದ್ದಿರುವ ಚೂರುಗಳನ್ನು ಮುಟ್ಟಬೇಡಿ, ಒಯ್ಯಬೇಡಿ. ಫಿಲಡೆಲ್ಫಿಯಾದಲ್ಲಿ ವಿಮಾನದ ತುಣುಕುಗಳು ಬಹು ದೂರ ಚದರಿದ್ದವು. ಅವು ಕಂಡರೆ ಮುಟ್ಟದೆ ತಿಳಿಸಬೇಕೆಂದು ಅಲ್ಲಿನ ಅಧಿಕಾರಿಗಳು ಜನರನ್ನು ಕೇಳಿಕೊಂಡರು. ನಮಗೆ ಗುಜರಿಯಾಗಿ ಕಾಣುವ ಒಂದು ಚೂರು ವಿಚಾರಣೆ ಮಾಡುವವರಿಗೆ ಸೀಳಿ ನೋಡಬೇಕಾದ ಕಾಂಡವಿದ್ದಂತೆ.

9. ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾ ನಿಲ್ಲಬೇಡಿ. ಕೆಲಸವಿಲ್ಲದವರು ದೂರ ನಿಂತರೆ ಅದೇ ಉಪಕಾರ.

"ನೆರವು ಮಾಡಲು ಹೋದರೆ ಕೋರ್ಟು ಕಚೇರಿ ಅಲೆಯಬೇಕಾದೀತು" ಎಂಬ ಹೆದರಿಕೆ ಅನೇಕರಲ್ಲಿದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾದವರನ್ನು ಪೀಡಿಸಬಾರದೆಂದು ಸುಪ್ರೀಂ ಕೋರ್ಟು 2016ರಲ್ಲಿ ಸ್ಪಷ್ಟವಾಗಿ ಹೇಳಿದೆ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಂದ ತಿದ್ದುಪಡಿಯಲ್ಲಿಯೂ ಇಂಥವರಿಗೆ ರಕ್ಷಣೆ ಕೊಟ್ಟಿದೆ. ಆದುದರಿಂದ ಹಿಂಜರಿಯಬೇಡಿ.

ಒಂಬತ್ತು ಅಡಿಯ ಗಳ

ಗಾಬರಿಯಲ್ಲಿ ಮೊದಲೇ ಕಲಿತದ್ದು ಮಾತ್ರ ಕೈಗೆ ಬರುತ್ತದೆಂದು ಹೇಳಿದೆನಷ್ಟೆ. ಆದುದರಿಂದ ನಿಮ್ಮ ಊರಿನಲ್ಲಿ ಈಗಲೇ ಮಾಡಬಹುದಾದ ಒಂದು ಸುಲಭವಾದ ಕೆಲಸವನ್ನು ಹೇಳುತ್ತೇನೆ. ಇದಕ್ಕೆ ಸರ್ಕಾರದ ಹಣ ಬೇಡ, ಅರ್ಜಿ ಬೇಡ.

ಒಂಬತ್ತು ಅಡಿ ಉದ್ದದ ಬಿದಿರಿನ ಗಳವೊಂದನ್ನು ತೆಗೆದುಕೊಳ್ಳಿ. ಇಬ್ಬರು ಯುವಕರು ಅದನ್ನು ಅಡ್ಡಲಾಗಿ ಸೊಂಟದ ಎತ್ತರಕ್ಕೆ ಹಿಡಿದು, ಮುಖ್ಯ ರಸ್ತೆಯಿಂದ ಹೊರಟು ಊರಿನ ಕಟ್ಟಕಡೆಯ ಮನೆಯವರೆಗೆ ನಡೆಯಲಿ. ಗಳ ತಾಗದೆ ಹೋದ ಕಡೆ ಆಂಬುಲೆನ್ಸು ಹೋದೀತು, ಬೆಂಕಿ ಆರಿಸುವ ವಾಹನವೂ ಹೋದೀತು. ಗಳ ತಾಗಿದ ಕಡೆಯೆಲ್ಲಾ ನಿಂತು ಬರೆದುಕೊಳ್ಳಿ: ಇಲ್ಲಿ ತಿಪ್ಪೆ, ಇಲ್ಲಿ ಸೌದೆಯ ರಾಶಿ, ಇಲ್ಲಿ ಬೀದಿಗೆ ಚಾಚಿದ ಜಗುಲಿ, ಇಲ್ಲಿ ನಿಲ್ಲಿಸಿದ ಗಾಡಿ. ತಲೆಯೆತ್ತಿ ಜೋತುಬಿದ್ದ ತಂತಿಗಳನ್ನೂ ನೋಡಿ. ಸರಿಸಬಹುದಾದುದನ್ನು ಅಂದೇ ಸರಿಸಿರಿ. ಸರಿಸಲಾಗದ ಕಡೆ, ವಾಹನ ಎಲ್ಲಿ ನಿಲ್ಲಬೇಕು, ಅಲ್ಲಿಂದ ಗಾಯಗೊಂಡವರನ್ನು ಯಾವ ದಾರಿಯಲ್ಲಿ ಹೊತ್ತು ತರಬೇಕು ಎಂದು ತೀರ್ಮಾನಿಸಿ ಎಲ್ಲರಿಗೂ ತಿಳಿಸಿರಿ. ಮೆದೆಯನ್ನು ಮನೆಗೂ ಕೊಟ್ಟಿಗೆಗೂ ದೂರ ಒಟ್ಟಿರಿ. ಊರಬಾಗಿಲ ಹೊರಗೆ ಬೈಕುಗಳಿಗೆ ಒಂದು ಜಾಗವನ್ನು ಗುರುತು ಮಾಡಿರಿ.

ಪಾಠವನ್ನು ಮನೆಯವರೆಲ್ಲಾ ಕುಳಿತು ಮನನ ಮಾಡಲು ಮೂರು ಪ್ರಶ್ನೆಗಳನ್ನು ಕೊಡುತ್ತೇನೆ. ಈ ರಾತ್ರಿ ನಿಮ್ಮ ಮನೆಗೆ ಆಂಬುಲೆನ್ಸು ಬರಬೇಕಾದರೆ ಗುರುತು ಏನೆಂದು ಹೇಳುತ್ತೀರಿ? ಸುಟ್ಟ ಕೈಗೆ ಮೊದಲು ಏನು ಮಾಡುತ್ತೀರಿ? ನಿಮ್ಮ ಬೀದಿಯಲ್ಲಿ ಗಳ ಎಲ್ಲಿ ತಾಗುತ್ತದೆ?

ಅರಳಿಕಟ್ಟೆಯ ಯಜಮಾನರಿಗೆ ನನ್ನ ಉತ್ತರ ಇಷ್ಟೆ. ಆಕಾಶದಿಂದ ಏನು ಬೀಳುವುದೆಂಬುದು ನಮ್ಮ ಕೈಯಲ್ಲಿಲ್ಲ, ನಿಜ. ಬೀದಿಯಲ್ಲಿ ಏನು ಅಡ್ಡ ಬಿದ್ದಿದೆಯೆಂಬುದು ನಮ್ಮ ಕೈಯಲ್ಲಿದೆ.

ಮುಂದಿನ ಸಭೆಗೆ ನಾನು ಬರುವಾಗ ಗಳವನ್ನು ಸಿದ್ಧವಾಗಿಡಿ. ಒಂದು ತುದಿಯನ್ನು ನಾನು ಹಿಡಿಯುತ್ತೇನೆ. ನನ್ನ ಬೈಕನ್ನು ಊರ ಹೊರಗೇ ನಿಲ್ಲಿಸಿ ಬರುತ್ತೇನೆ.

ಇಂತು ನಿಮ್ಮ,
ಗ್ರಾಮಸೇವಕ